ಬ್ಯಾಂಕಿನೊಳಗೊಂದು ಮನೆ

ಪ್ರಶ್ನೆ: ಆಸ್ಟ್ರೇಲಿಯಾದ ಸಣ್ಣ ಊರುಗಳ ಹಳೆಯ ಬ್ಯಾಂಕ್ ಕಟ್ಟಡಗಳೊಳಗೆ ಮನೆಯೂ ಇರುತ್ತದಂತೆ. ಅವು ಪಾರಂಪರಿಕ ಪಟ್ಟಿ ಸೇರುವಷ್ಟು ಮುಖ್ಯವೇ?

ಉತ್ತರ: ಖಂಡಿತ ಮುಖ್ಯ. 19ನೇ ಶತಮಾನದಲ್ಲಿ ಚಿನ್ನ, ಉಣ್ಣೆಯ ದುಡ್ಡು ಓಡಾಡುತ್ತಿದ್ದ ಊರುಗಳಲ್ಲಿ ತಿಜೋರಿಗೆ ರಾತ್ರಿಯೂ ಕಾವಲು ಬೇಕಿತ್ತು. ವರ್ಗವಾಗಿ ಬರುವ ಮ್ಯಾನೇಜರಿಗೆ ಅಂತಸ್ತಿಗೆ ತಕ್ಕ ಮನೆ ಬೇಕಿತ್ತು. ಹಾಗಾಗಿ ರಸ್ತೆಯ ಕಡೆಗೆ ಎತ್ತರದ ಚಾವಣಿಯ ಬ್ಯಾಂಕು, ಹಿಂದೆ ಅಥವಾ ಮಹಡಿಯಲ್ಲಿ ಸಂಸಾರ.

ಈ ಏರ್ಪಾಟಿನ ಅಪಾಯ ಎಂಥದ್ದೆಂದು ವಿಕ್ಟೋರಿಯಾದ ಯುರೋವಾ ಊರು ಕಂಡಿತು. 1878ರ ಡಿಸೆಂಬರ್ 10ರಂದು ನೆಡ್ ಕೆಲ್ಲಿಯ ದರೋಡೆ ತಂಡ ಅಲ್ಲಿನ ನ್ಯಾಷನಲ್ ಬ್ಯಾಂಕಿಗೆ ನುಗ್ಗಿ 2,000 ಪೌಂಡಿಗೂ ಹೆಚ್ಚು ದೋಚಿತು. ಮನೆಯ ಭಾಗದಲ್ಲಿ ಮ್ಯಾನೇಜರ ಹೆಂಡತಿ, ಮಕ್ಕಳು, ಅತ್ತೆ, ಕೆಲಸದವರು ಇದ್ದರು. ಸಿಬ್ಬಂದಿಯ ಜೊತೆ ಅವರನ್ನೂ ಕುದುರೆಗಾಡಿಗಳಲ್ಲಿ ಕೂರಿಸಿ, ಊರಾಚೆಯ ಕುರಿಫಾರ್ಮಿಗೆ ಒತ್ತೆಯಾಳುಗಳಾಗಿ ಕರೆದೊಯ್ದರು.

ಇಂಥ ಕಟ್ಟಡಗಳ ಕಂಬ, ಕಮಾನುಗಳ ಮುಂಭಾಗ ಠೇವಣಿದಾರರಲ್ಲಿ ನಂಬಿಕೆ ಹುಟ್ಟಿಸಲು ಕಟ್ಟಿದ್ದು. ಆದರೂ 1893ರ ಬ್ಯಾಂಕಿಂಗ್ ಬಿಕ್ಕಟ್ಟಿನಲ್ಲಿ ಎಷ್ಟೋ ಬ್ಯಾಂಕುಗಳು ಹಣ ಕೊಡುವುದನ್ನು ನಿಲ್ಲಿಸಿದವು. ಮುಂಭಾಗದ ಅಂದ ಉಳಿಸಬೇಕು, ನಿಜ. ನನ್ನ ಮಟ್ಟಿಗೆ ಅದಕ್ಕಿಂತ ಬೆಲೆಯುಳ್ಳದ್ದು ಒಳಗಿನ ವಿನ್ಯಾಸ: ತಿಜೋರಿ ಕೋಣೆ, ಕಚೇರಿಯನ್ನೂ ಮನೆಯನ್ನೂ ಬೇರ್ಪಡಿಸುವ ಗೋಡೆ, ಅದರಲ್ಲಿನ ಬಾಗಿಲು. ಮುಂಭಾಗವನ್ನಷ್ಟೇ ಉಳಿಸಿ ಆ ಗೋಡೆ ಕೆಡವಿದರೆ, ಬ್ಯಾಂಕಿನಲ್ಲಿ ಒಂದು ಕುಟುಂಬ ಬಾಳಿತ್ತೆಂಬುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ.