ಬಣ್ಣ ಹಚ್ಚಿದವನನ್ನು ಮರೆತ ಎಡಿಟರ್

ವಿಎಸ್ ಕೋಡ್‌ನಲ್ಲಿ ಒಂದು ವೆಬ್ ಪುಟ ತಿದ್ದುತ್ತಿದ್ದೆ. ಎಚ್‌ಟಿಎಂಎಲ್ ಟ್ಯಾಗ್ ನೀಲಿ, ಆಟ್ರಿಬ್ಯೂಟ್ ತಿಳಿನೀಲಿ, ಕೋಟ್ ಚಿಹ್ನೆಯೊಳಗಿನ ಬರಹ ಇಟ್ಟಿಗೆ ಬಣ್ಣ. ಟ್ಯಾಗಿನ ನೀಲಿ ಕಪ್ಪು ಹಿನ್ನೆಲೆಯಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. ಅದೊಂದನ್ನು ಬದಲಿಸೋಣ ಎಂದು ಟೋಕನ್ ಮತ್ತು ಸ್ಕೋಪ್ ತೋರಿಸುವ ಕಮಾಂಡ್ ಕೊಟ್ಟೆ. ಪುಟ್ಟ ಪೆಟ್ಟಿಗೆಯೊಂದು ತೆರೆದುಕೊಂಡಿತು. ಅದರಲ್ಲಿ ಭಾಷೆಯ ಹೆಸರು, ಬಣ್ಣದ ಸಂಖ್ಯೆ ಎಲ್ಲ ಇದ್ದವು. ಕೆಳಗೆ 'ಟೆಕ್ಸ್ಟ್‌ಮೇಟ್ ಸ್ಕೋಪ್ಸ್' ಎಂಬ ಶೀರ್ಷಿಕೆ, ಅದರ ಪಕ್ಕ 'ಎಂಟಿಟಿ ಡಾಟ್ ನೇಮ್ ಡಾಟ್ ಟ್ಯಾಗ್' ಎಂದು ಶುರುವಾಗುವ ಉದ್ದನೆಯ ಹೆಸರು.

ಟೆಕ್ಸ್ಟ್‌ಮೇಟ್ ಎನ್ನುವುದು ಆಪಲ್ ಮ್ಯಾಕ್‌ಗಾಗಿ ಮಾತ್ರ ಬಂದ ಎಡಿಟರ್. ವಿಂಡೋಸ್‌ಗೆ ಅದು ಯಾವತ್ತೂ ಬರಲಿಲ್ಲ. ವಿಂಡೋಸ್ ಮಾಡುವ ಮೈಕ್ರೋಸಾಫ್ಟ್‌ನದೇ ಎಡಿಟರಿನ ಹೊಟ್ಟೆಯೊಳಗೆ ಅದರ ಹೆಸರು ಯಾಕಿದೆ ಎಂದು ಹುಡುಕಿಕೊಂಡು ಹೋದದ್ದೇ ಈ ಲೇಖನಕ್ಕೆ ಕಾರಣ.

ಹುಡುಕಾಟ ಹೋಗಿ ನಿಂತದ್ದು ಅಲನ್ ಓಡ್‌ಗಾರ್ಡ್ ಎಂಬ ಡೆನ್ಮಾರ್ಕಿನ ಪ್ರೋಗ್ರಾಮರ್ ಬಳಿ. ಆತ ಟೆಕ್ಸ್ಟ್‌ಮೇಟ್‌ನ ಮೊದಲ ಆವೃತ್ತಿಯನ್ನು ಬಿಡುಗಡೆ ಮಾಡಿದ್ದು 2004ರ ಅಕ್ಟೋಬರ್ 5ರಂದು, ಸುಮಾರು ಐದು ತಿಂಗಳ ಕೆಲಸದ ನಂತರ. ಆ ಹೊತ್ತಿಗೆ ಮ್ಯಾಕ್‌ನಲ್ಲಿ ಬಿಬಿಎಡಿಟ್ ಆಳವಾಗಿ ಬೇರೂರಿತ್ತು. ಮೌಸಿನಿಂದಲೇ ಪುಟ ಕಟ್ಟುವವರಿಗೆ ಡ್ರೀಮ್‌ವೀವರ್ ಇತ್ತು. ಇವುಗಳ ಎದುರು ಓಡ್‌ಗಾರ್ಡ್ ತಂದದ್ದು ತೀರಾ ಬೋಳು ಅನ್ನಿಸುವಂಥ ಸಾಧನ. ಅದರಲ್ಲಿ ಟೂಲ್‌ಬಾರ್ ಇರಲಿಲ್ಲ. ಸೆಟ್ಟಿಂಗ್ಸ್ ಬದಲಿಸುವ ಕಿಟಕಿ ಇರಲಿಲ್ಲ. ಪ್ರಿಂಟ್ ತೆಗೆಯುವ ಸೌಲಭ್ಯವೂ ಇರಲಿಲ್ಲ. ವೆಬ್‌ಸೈಟ್ ಮಾಡುವವರು ಆಗ ದಿನಕ್ಕೆ ಹತ್ತಾರು ಸಲ ಬಳಸುತ್ತಿದ್ದ ಎಫ್‌ಟಿಪಿಗೂ ಜಾಗ ಕೊಟ್ಟಿರಲಿಲ್ಲ. ಕೆಲವೇ ಕೆಲಸ ಆರಿಸಿಕೊಂಡು ಅವನ್ನು ಅಚ್ಚುಕಟ್ಟಾಗಿ ಮಾಡುವುದು ಆತನ ಹಟ. ಎರಡು ಅಕ್ಷರ ಒತ್ತಿ ಟ್ಯಾಬ್ ಕೀ ಅದುಮಿದರೆ ಇಡೀ ಕೋಡಿನ ಚೌಕಟ್ಟು ಮೂಡಬೇಕು, ಕರ್ಸರ್ ತಾನಾಗಿ ತುಂಬಬೇಕಾದ ಖಾಲಿ ಜಾಗಕ್ಕೆ ಹೋಗಿ ನಿಲ್ಲಬೇಕು, ಮತ್ತೆ ಟ್ಯಾಬ್ ಒತ್ತಿದರೆ ಮುಂದಿನ ಜಾಗಕ್ಕೆ ಜಿಗಿಯಬೇಕು. ಇವತ್ತು ಯಾವ ಎಡಿಟರ್ ತೆರೆದರೂ ಕಾಣುವ ಈ ಸ್ನಿಪೆಟ್ ಪದ್ಧತಿ ಹರಡಿದ್ದು ಟೆಕ್ಸ್ಟ್‌ಮೇಟ್‌ನಿಂದ.

ಅದಕ್ಕೆ ಪ್ರಚಾರ ಸಿಕ್ಕಿದ್ದು ಇನ್ನೊಬ್ಬ ಡೇನಿಶ್ ಪ್ರೋಗ್ರಾಮರ್‌ನಿಂದ. ರೂಬಿ ಆನ್ ರೇಲ್ಸ್ ಕಟ್ಟಿದ ಡೇವಿಡ್ ಹೈನೆಮಿಯರ್ ಹ್ಯಾನ್ಸನ್ 2005ರಲ್ಲಿ, 15 ನಿಮಿಷದಲ್ಲಿ ಒಂದು ಬ್ಲಾಗ್ ಕಟ್ಟಿ ತೋರಿಸುವ ವಿಡಿಯೊ ಮಾಡಿದರು. ವೆಬ್ ಪ್ರೋಗ್ರಾಮಿಂಗ್‌ನ ದಿಕ್ಕನ್ನೇ ತಿರುಗಿಸಿದ ವಿಡಿಯೊ ಅದು. ರೇಲ್ಸ್ ನೋಡಲು ಬಂದವರ ಕಣ್ಣಿಗೆ ಅದರ ಜೊತೆಗೇ ಬಿದ್ದದ್ದು ಪರದೆ ಮೇಲಿದ್ದ ಎಡಿಟರ್. ಹ್ಯಾನ್ಸನ್ ಬೆರಳಾಡಿಸಿದ ಕಡೆಯೆಲ್ಲ ಕೋಡ್ ಮೂಡುತ್ತಿತ್ತು. 2006ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಆಪಲ್ ತನ್ನ ಡೆವಲಪರ್ ಸಮ್ಮೇಳನ ನಡೆಸಿದಾಗ ಆ ವರ್ಷದ ಅತ್ಯುತ್ತಮ ಡೆವಲಪರ್ ಸಾಧನ ಎಂಬ ವಿನ್ಯಾಸ ಪ್ರಶಸ್ತಿ ಟೆಕ್ಸ್ಟ್‌ಮೇಟ್‌ಗೆ ಬಂತು. ಹೆಸರು ಕೂಗಿದಾಗ ಸಭಾಂಗಣದಲ್ಲಿ ಭಾರಿ ಚಪ್ಪಾಳೆ.

ಆದರೆ ಓಡ್‌ಗಾರ್ಡ್ ಬಿಟ್ಟುಹೋದ ದೊಡ್ಡ ಆಸ್ತಿ ಸ್ನಿಪೆಟ್ ಅಲ್ಲ, ಬಣ್ಣ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹಳೆಯ ಎಡಿಟರುಗಳು ಕೋಡಿಗೆ ಬಣ್ಣ ಹಚ್ಚುತ್ತಿದ್ದದ್ದು ಬಹುಮಟ್ಟಿಗೆ ಪದಗಳ ಪಟ್ಟಿ ಇಟ್ಟುಕೊಂಡು. 'ಇಫ್' ಕಂಡರೆ ಒಂದು ಬಣ್ಣ, 'ಫಂಕ್ಷನ್' ಕಂಡರೆ ಇನ್ನೊಂದು. ಒಂದು ಫೈಲಿನಲ್ಲಿ ಒಂದೇ ಭಾಷೆ ಇದ್ದರೆ ಅಷ್ಟು ಸಾಕು. ವೆಬ್ ಪುಟದ ಸ್ವಭಾವ ಬೇರೆ. ಎಚ್‌ಟಿಎಂಎಲ್ ಒಳಗೆ ಸಿಎಸ್‌ಎಸ್, ಅದರ ಪಕ್ಕ ಜಾವಾಸ್ಕ್ರಿಪ್ಟ್, ಎಲ್ಲದರ ನಡುವೆ ತೂರಿಕೊಂಡ ಪಿಎಚ್‌ಪಿ, ಆ ಪಿಎಚ್‌ಪಿಯ ಕೋಟ್ ಚಿಹ್ನೆಯೊಳಗೆ ಮತ್ತೆ ಎಸ್‌ಕ್ಯುಎಲ್. ಒಂದೇ ಫೈಲಿನಲ್ಲಿ ಐದು ಭಾಷೆ. ಎಲ್ಲಿ ಯಾವುದು ಶುರುವಾಗಿ ಎಲ್ಲಿ ಮುಗಿಯಿತು ಎಂದು ಎಡಿಟರಿಗೆ ಗೊತ್ತಿಲ್ಲದಿದ್ದರೆ ಅರ್ಧ ಪುಟ ತಪ್ಪು ಬಣ್ಣದಲ್ಲಿ ಮುಳುಗುತ್ತದೆ.

ಓಡ್‌ಗಾರ್ಡ್ ಇದನ್ನು ಪದರ ಪದರವಾಗಿ ನೋಡಿದ. ಪ್ರತಿ ಭಾಷೆಗೂ ಒಂದು ವ್ಯಾಕರಣದ ಫೈಲ್. ಯಾವ ಗುರುತು ಕಂಡರೆ ಆರಂಭ, ಯಾವುದು ಕಂಡರೆ ಅಂತ್ಯ, ನಡುವೆ ಇನ್ಯಾವ ವ್ಯಾಕರಣವನ್ನು ಒಳಗೆ ಕರೆದುಕೊಳ್ಳಬೇಕು ಎಂದು ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳಲ್ಲಿ ಅದರೊಳಗೆ ಬರೆದಿರುತ್ತದೆ. ಹೀಗಾಗಿ ಕರ್ಸರ್ ಇರುವ ಪ್ರತಿ ಅಕ್ಷರಕ್ಕೂ ಒಂದು ವಿಳಾಸ ಸಿಗುತ್ತದೆ: ಎಚ್‌ಟಿಎಂಎಲ್ ಪುಟದೊಳಗಿನ ಸ್ಕ್ರಿಪ್ಟ್ ಟ್ಯಾಗಿನ ಒಳಗಿನ ಜಾವಾಸ್ಕ್ರಿಪ್ಟಿನ ಕೋಟ್ ಚಿಹ್ನೆಯ ನಡುವಿನ ಬರಹ, ಎಂಬ ಹಾಗೆ. ಮನೆ ನಂಬರಿನಿಂದ ತಾಲ್ಲೂಕು, ಜಿಲ್ಲೆವರೆಗೆ ಬರೆದ ಅಂಚೆ ವಿಳಾಸದಂತೆ. ಈ ವಿಳಾಸಕ್ಕೇ ಸ್ಕೋಪ್ ಎಂದು ಹೆಸರು. ಬಣ್ಣ ಹಚ್ಚುವುದು ಅದರ ಒಂದು ಉಪಯೋಗ ಅಷ್ಟೆ. ಸ್ನಿಪೆಟ್‌ಗಳೂ ಶಾರ್ಟ್‌ಕಟ್‌ಗಳೂ ಇದೇ ವಿಳಾಸ ನೋಡಿ ನಡೆಯುತ್ತಿದ್ದವು. ಒಂದೇ ಟ್ಯಾಬ್ ಕೀ ಸಿಎಸ್‌ಎಸ್ ಒಳಗಿದ್ದಾಗ ಒಂದು ಕೆಲಸ, ಜಾವಾಸ್ಕ್ರಿಪ್ಟ್ ಒಳಗಿದ್ದಾಗ ಇನ್ನೊಂದು ಕೆಲಸ ಮಾಡುತ್ತಿತ್ತು.

ಇನ್ನೂ ದೊಡ್ಡ ಸಂಗತಿಯೆಂದರೆ ಈ ವ್ಯಾಕರಣಗಳು ಎಡಿಟರಿನೊಳಗೆ ಹೂತುಹೋಗಿರಲಿಲ್ಲ. ಅವು ಯಾರಾದರೂ ತೆರೆದು ಓದಬಹುದಾದ, ತಿದ್ದಬಹುದಾದ ಬರಿಯ ಪಠ್ಯದ ಫೈಲುಗಳು. ಸಿ ಪ್ಲಸ್ ಪ್ಲಸ್ ಬರದವರೂ ತಮ್ಮ ಭಾಷೆಗೆ ಒಂದು ವ್ಯಾಕರಣ ಬರೆದು, ಬಂಡಲ್ ಎಂಬ ಗಂಟು ಕಟ್ಟಿ ಹಂಚಬಹುದಿತ್ತು. ಜನ ಬರೆದರು, ಹಂಚಿದರು. ಥೀಮ್‌ಗಳೂ ಹೀಗೇ ಹುಟ್ಟಿದವು. ಕಪ್ಪು ಹಿನ್ನೆಲೆಯ ಮೇಲೆ ಗುಲಾಬಿ, ಹಸಿರು, ಹಳದಿ ಮಿಂಚುವ 'ಮೊನೊಕಾಯ್' ಅನ್ನು ನೋಡದ ವೆಬ್ ಡೆವಲಪರ್ ಸಿಗುವುದು ಕಷ್ಟ. ನೆದರ್‌ಲ್ಯಾಂಡ್ಸ್‌ನ ವಿನ್ಯಾಸಕಾರ ವಿಮರ್ ಹ್ಯಾಜನ್‌ಬರ್ಗ್ ಅದನ್ನು 2006ರಲ್ಲಿ ರೂಪಿಸಿದ್ದು ಟೆಕ್ಸ್ಟ್‌ಮೇಟ್‌ಗಾಗಿಯೇ.

ನಮ್ಮಲ್ಲಿ ಆಗ ಮ್ಯಾಕ್ ಕೊಳ್ಳುವ ಮಾತೆಲ್ಲಿ? ಬೆಂಗಳೂರಿನಲ್ಲಿ ವೆಬ್ ಕಲಿಯುತ್ತಿದ್ದ ನಮ್ಮಂಥವರ ಪಾಲಿಗೆ ಇದ್ದದ್ದು ನೋಟ್‌ಪ್ಯಾಡ್ ಪ್ಲಸ್ ಪ್ಲಸ್. ಡಾನ್ ಹೋ ಎಂಬಾತ 2003ರಲ್ಲಿ ಶುರುಮಾಡಿದ ಈ ಎಡಿಟರ್ ಇವತ್ತಿಗೂ ಉಚಿತ. ನೀಲ್ ಹಾಡ್ಜ್‌ಸನ್ ಬರೆದ ಸಿಂಟಿಲ್ಲಾ ಎಂಬ ಕೋಡ್ ಅದರ ತಳಪಾಯ. ಸಿ ಪ್ಲಸ್ ಪ್ಲಸ್‌ನಲ್ಲಿ ನೇರವಾಗಿ ವಿಂಡೋಸ್ ಜೊತೆ ಮಾತಾಡುವಂತೆ ಬರೆದಿರುವುದರಿಂದ ಡಬಲ್ ಕ್ಲಿಕ್ ಮಾಡಿದ ಮರುಗಳಿಗೆಗೆ ತೆರೆದುಕೊಳ್ಳುತ್ತಿತ್ತು. ಪ್ರೊಸೆಸರಿನ ದುಡಿತ ಕಡಿಮೆ ಮಾಡಿ ಆ ಮೂಲಕ ಜಗತ್ತಿನ ಇಂಗಾಲದ ಹೊರಸೂಸುವಿಕೆಯನ್ನೂ ತಗ್ಗಿಸಬೇಕು ಎಂದು ಅದರ ಪರಿಚಯದಲ್ಲೇ ಬರೆದುಕೊಂಡಿದ್ದಾರೆ. ಬ್ರೌಸಿಂಗ್ ಸೆಂಟರಿನ ಮುದಿ ಕಂಪ್ಯೂಟರ್, ಪೆನ್‌ಡ್ರೈವ್‌ನಲ್ಲಿ ಹೊತ್ತೊಯ್ದ ಎಡಿಟರ್, ಪಕ್ಕದ ಕಿಟಕಿಯಲ್ಲಿ ಎಫ್‌ಟಿಪಿ. ತಿದ್ದು, ಸೇವ್ ಮಾಡು, ಅಪ್‌ಲೋಡ್ ಮಾಡು, ಬ್ರೌಸರಿನಲ್ಲಿ ಎಫ್5 ಒತ್ತು. ಎಷ್ಟೋ ಕನ್ನಡ ಜಾಲತಾಣಗಳು ಹೀಗೆಯೇ ಎದ್ದು ನಿಂತವು. ಆ ಎಡಿಟರಿನ ಮೆನುಗಳನ್ನು ಕನ್ನಡದಲ್ಲೇ ಕಾಣಬಹುದು, ಅದರ ಅನುವಾದದ ಫೈಲುಗಳಲ್ಲಿ ಕನ್ನಡವೂ ಇದೆ. ಸ್ವಯಂಪ್ರೇರಿತರಾಗಿ ಕೂತು ಅಂಥ ಕೆಲಸ ಮಾಡಿದವರಿಗೆ ನಮಸ್ಕಾರ ಹೇಳಲೇಬೇಕು.

ಅತ್ತ ಓಡ್‌ಗಾರ್ಡ್ ಎರಡನೇ ಆವೃತ್ತಿಗೆ ಕೈಹಾಕಿದ. 2006ರಲ್ಲೇ ಅದರ ಮಾತು ಶುರುವಾಗಿತ್ತು. 2009ರ ಜೂನ್‌ನಲ್ಲಿ ಸುಮಾರು ಶೇ 90ರಷ್ಟು ಮುಗಿದಿದೆ ಎಂದ. ಬಳಕೆದಾರರು ಕಾದರು, ಬೇಸತ್ತರು, ಇದು ಬರುವುದೇ ಇಲ್ಲ ಎಂಬ ತೀರ್ಮಾನಕ್ಕೂ ಬಂದರು. ಆಲ್ಫಾ ಆವೃತ್ತಿ ಹೊರಬಂದದ್ದು 2011ರ ಡಿಸೆಂಬರ್‌ನಲ್ಲಿ. 2012ರ ಆಗಸ್ಟ್‌ನಲ್ಲಿ ಆತ ಇಡೀ ಸೋರ್ಸ್ ಕೋಡನ್ನೇ ಜಿಪಿಎಲ್ ಪರವಾನಗಿಯಡಿ ಜಗತ್ತಿಗೆ ತೆರೆದಿಟ್ಟ. ಮ್ಯಾಕ್‌ನಲ್ಲಿ ಬಳಕೆದಾರರ ಸ್ವಾತಂತ್ರ್ಯವನ್ನು ಆಪಲ್ ಮೊಟಕುಗೊಳಿಸುತ್ತಿದೆ ಎಂಬುದು ಆತನ ದೂರಾಗಿತ್ತು, ಅದಕ್ಕೆ ಉತ್ತರವಾಗಿ ಈ ಹೆಜ್ಜೆ. ಪ್ರಶಸ್ತಿ ಕೊಟ್ಟ ಕಂಪನಿಯ ವಿರುದ್ಧವೇ ಹೀಗೆ ನಿಲ್ಲಲು ಗಟ್ಟಿತನ ಬೇಕು. ಎರಡನೇ ಆವೃತ್ತಿಯ ತಡವನ್ನು ಸೋಮಾರಿತನ ಎಂದು ಹಂಗಿಸಿದವರು ಬಹಳ. ನನಗೆ ಹಾಗೆ ಕಾಣುವುದಿಲ್ಲ. ಮೂಲದಿಂದ ಮತ್ತೆ ಬರೆಯಲು ಹೊರಟ ಒಂಟಿ ಕುಶಲಕರ್ಮಿಗೆ ತಗಲುವ ಕಾಲ ಅದು.

ಮಾರುಕಟ್ಟೆ ಅಷ್ಟು ಕಾಲ ಕಾಯಲಿಲ್ಲ. ಗೂಗಲ್‌ನಲ್ಲಿ ಎಂಜಿನಿಯರ್ ಆಗಿದ್ದ ಆಸ್ಟ್ರೇಲಿಯಾದ ಜಾನ್ ಸ್ಕಿನ್ನರ್ 2008ರಲ್ಲಿ ಸಬ್‌ಲೈಮ್ ಟೆಕ್ಸ್ಟ್ ತಂದರು. ಟೆಕ್ಸ್ಟ್‌ಮೇಟ್‌ನ ವ್ಯಾಕರಣ, ಥೀಮ್, ಸ್ನಿಪೆಟ್‌ಗಳನ್ನು ಅದು ಓದಿಕೊಳ್ಳುತ್ತಿತ್ತು. ಮ್ಯಾಕ್‌ನ ಗೋಡೆಯಾಚೆಗೆ ಓಡ್‌ಗಾರ್ಡ್‌ನ ಕಲ್ಪನೆ ವಿಂಡೋಸ್‌ಗೂ ಲಿನಕ್ಸ್‌ಗೂ ದಾಟಿದ್ದು ಹೀಗೆ. ಒಂದೇ ಬಾರಿಗೆ ಹತ್ತು ಕಡೆ ಕರ್ಸರ್ ಇಟ್ಟು ತಿದ್ದುವುದು, ಫೈಲ್ ಹೆಸರಿನ ಎರಡು ಅಕ್ಷರ ಒತ್ತಿದರೆ ಅಲ್ಲಿಗೇ ಹಾರುವುದು, ಬಲಬದಿಯಲ್ಲಿ ಇಡೀ ಫೈಲಿನ ಪುಟ್ಟ ನಕ್ಷೆ, ಇವನ್ನೆಲ್ಲ ನಮ್ಮ ಬೆರಳಿಗೆ ರೂಢಿ ಮಾಡಿಸಿದ್ದು ಸಬ್‌ಲೈಮ್. ಅಷ್ಟಿದ್ದೂ ಅದು ಹಗುರವಾಗಿಯೇ ಉಳಿಯಿತು.

2014ರ ಫೆಬ್ರವರಿಯಲ್ಲಿ ಗಿಟ್‌ಹಬ್ 'ಆ್ಯಟಮ್' ತಂದಾಗ ಕಥೆ ಬೇರೆ ಹಾದಿ ಹಿಡಿಯಿತು. ವೆಬ್ ಮಾಡುವವರಿಗೆ ವೆಬ್‌ನಿಂದಲೇ ಮಾಡಿದ ಎಡಿಟರ್ ಎಂಬುದು ಅದರ ಸೊಗಸು. ಇಡೀ ಎಡಿಟರ್ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್. ಅದನ್ನು ನಡೆಸಲು ಒಳಗೊಂದು ಪೂರ್ತಿ ಕ್ರೋಮಿಯಂ ಬ್ರೌಸರ್. ಇದಕ್ಕಾಗಿ ಕಟ್ಟಿದ 'ಆ್ಯಟಮ್ ಶೆಲ್' ಮುಂದೆ ಎಲೆಕ್ಟ್ರಾನ್ ಎಂದಾಯಿತು. ಸ್ಲ್ಯಾಕ್, ಡಿಸ್ಕಾರ್ಡ್‌ನಂಥ ಎಷ್ಟೋ ಡೆಸ್ಕ್‌ಟಾಪ್ ಅಪ್ಲಿಕೇಶನ್‌ಗಳು ಇವತ್ತು ಅದರ ಮೇಲೇ ನಿಂತಿವೆ. ಬೆಲೆ ತೆತ್ತದ್ದು ನಮ್ಮ ರ‍್ಯಾಮ್. ಆರಂಭದ ಆ್ಯಟಮ್ 2 ಎಂಬಿಗಿಂತ ದೊಡ್ಡ ಫೈಲನ್ನು ತೆರೆಯುವುದಕ್ಕೇ ಒಪ್ಪುತ್ತಿರಲಿಲ್ಲ. ಅದಕ್ಕಿಂತ ಎಷ್ಟೋ ದೊಡ್ಡ ಲಾಗ್ ಫೈಲುಗಳನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಸಲೀಸಾಗಿ ತೆರೆಯುತ್ತಿದ್ದ ನಮಗೆ ಇದು ಹಿನ್ನಡೆಯಾಗಿಯೇ ಕಂಡಿತು.

ಮರುವರ್ಷ, 2015ರ ಏಪ್ರಿಲ್ 29ರಂದು, ಮೈಕ್ರೋಸಾಫ್ಟ್ ತನ್ನ ಬಿಲ್ಡ್ ಸಮ್ಮೇಳನದಲ್ಲಿ ವಿಎಸ್ ಕೋಡ್ ಘೋಷಿಸಿತು. ಅದರ ಹಿಂದಿದ್ದದ್ದು ಎರಿಕ್ ಗಾಮಾ ಅವರ ಜ್ಯೂರಿಕ್ ತಂಡ. 'ಡಿಸೈನ್ ಪ್ಯಾಟರ್ನ್ಸ್' ಪುಸ್ತಕದ ನಾಲ್ವರು ಲೇಖಕರಲ್ಲಿ ಒಬ್ಬರು, ಎಕ್ಲಿಪ್ಸ್ ಕಟ್ಟಿದವರಲ್ಲೂ ಒಬ್ಬರು. ಅವರ ತಂಡವೂ ಎಲೆಕ್ಟ್ರಾನ್ ಮೇಲೆಯೇ ಕಟ್ಟಿತು, ಆದರೆ ಆ್ಯಟಮ್‌ಗಿಂತ ಚುರುಕಾಗಿ. ಹತ್ತಾರು ಭಾಷೆಗಳಿಗೆ ಬಣ್ಣ ಹಚ್ಚುವ ಪ್ರಶ್ನೆ ಬಂದಾಗ ಅವರು ಕೈಚಾಚಿದ್ದು ಟೆಕ್ಸ್ಟ್‌ಮೇಟ್ ವ್ಯಾಕರಣಗಳತ್ತ. ಜನ ವರ್ಷಗಟ್ಟಲೆ ಬರೆದು ತಿದ್ದಿದ ರಾಶಿ ಅಲ್ಲಿ ಸಿದ್ಧವಾಗಿತ್ತು. ಆ ವ್ಯಾಕರಣಗಳು ಟೆಕ್ಸ್ಟ್‌ಮೇಟ್ ಬಳಸುತ್ತಿದ್ದ ಓನಿಗುರುಮಾ ಎಂಬ ಜಪಾನಿ ಲೈಬ್ರರಿಯ ರೂಢಿಯಲ್ಲಿ ಬರೆದವು. ಹಾಗಾಗಿ ವಿಎಸ್ ಕೋಡ್ ಆ ಲೈಬ್ರರಿಯನ್ನೂ ವೆಬ್‌ಅಸೆಂಬ್ಲಿಗೆ ಹೊಂದಿಸಿಕೊಂಡು ಹೊತ್ತೊಯ್ಯುತ್ತಿದೆ. ಅದರ ಸ್ನಿಪೆಟ್ ಬರೆಯುವ ಕ್ರಮದಲ್ಲೂ, ಡಾಲರ್ ಚಿಹ್ನೆ ಹಾಕಿ ಅಂಕಿ ಬರೆಯುವ ಆ ರೂಢಿಯಲ್ಲೂ, ಟೆಕ್ಸ್ಟ್‌ಮೇಟ್‌ನದೇ ಛಾಪು.

ಆಮೇಲಿನದು ಬೇಗ ಬೇಗ ಮುಗಿದುಹೋದ ಕಥೆ. 2018ರಲ್ಲಿ ಮೈಕ್ರೋಸಾಫ್ಟ್ ಗಿಟ್‌ಹಬ್ ಅನ್ನೇ ಕೊಂಡಿತು. ಅಡೋಬಿಯ ಬ್ರ್ಯಾಕೆಟ್ಸ್ ಎಡಿಟರಿಗೆ 2021ರಲ್ಲಿ ಬೆಂಬಲ ನಿಂತಿತು. 2022ರ ಡಿಸೆಂಬರ್ 15ರಂದು ಆ್ಯಟಮ್ ಬಾಗಿಲು ಮುಚ್ಚಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ನೇಥನ್ ಸೋಬೊ ಈಗ ರಸ್ಟ್ ಭಾಷೆಯಲ್ಲಿ, ಬ್ರೌಸರಿನ ಹಂಗಿಲ್ಲದೆ, 'ಜೆಡ್' ಎಂಬ ಹೊಸ ಎಡಿಟರ್ ಕಟ್ಟುತ್ತಿದ್ದಾರೆ. ವೇಗವೇ ಅದರ ಗುರಿ. ಇಷ್ಟು ಸುತ್ತಿ ಬಂದು ಮತ್ತೆ ಹಗುರದ ಮಾತಿಗೇ ನಿಂತದ್ದು ಕಂಡು ನನಗೆ ಸಮಾಧಾನವೂ ಆಗುತ್ತದೆ, ಕಳೆದ ವರ್ಷಗಳ ಬಗ್ಗೆ ಸಂಕಟವೂ ಆಗುತ್ತದೆ. ನಾಲ್ಕು ಸಾಲು ಸಿಎಸ್‌ಎಸ್ ತಿದ್ದಲು ಇಡೀ ಬ್ರೌಸರ್ ಎಬ್ಬಿಸುವುದನ್ನು ಒಂದು ತಲೆಮಾರು ಸಹಜ ಎಂದು ಒಪ್ಪಿಕೊಂಡಿದೆ. ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಕಲಿಯುವ ಹುಡುಗ ಹುಡುಗಿಯರು ಅದು ತಮ್ಮ ಯಂತ್ರದ ದೋಷ ಎಂದುಕೊಂಡು ಸಾಲ ಮಾಡಿ ಹೊಸತು ಕೊಳ್ಳುತ್ತಾರೆ.

ಬ್ರೌಸರ್ ಆಧಾರಿತ ಎಡಿಟರಿನಿಂದ ಕನ್ನಡಕ್ಕೆ ಆದ ಉಪಕಾರವನ್ನು ಮಾತ್ರ ಮರೆಮಾಚಲಾರೆ. ಟರ್ಮಿನಲ್‌ನಲ್ಲಿ ಓಡುವ ಎಡಿಟರುಗಳು ಪರದೆಯನ್ನು ಸಮನಾದ ಚೌಕಗಳಾಗಿ ಭಾಗಿಸುತ್ತವೆ. ಇಂಗ್ಲಿಷ್ ಅಕ್ಷರ ಆ ಚೌಕದಲ್ಲಿ ಕೂರುತ್ತದೆ, ನಮ್ಮ 'ಸ್ತ್ರೀ' ಕೂರುವುದಿಲ್ಲ. ಒತ್ತಕ್ಷರ ಪಕ್ಕಕ್ಕೆ ಸರಿಯುತ್ತದೆ, ಕರ್ಸರ್ ಎಲ್ಲೋ ನಿಲ್ಲುತ್ತದೆ. ಕ್ರೋಮಿಯಂ ಒಳಗಿನ ಹಾರ್ಫ್‌ಬಜ್ ಎಂಬ ತಂತ್ರಾಂಶ ಒತ್ತು, ಗುಣಿತಗಳನ್ನು ಜೋಡಿಸಿ ಕೂರಿಸುವುದರಿಂದ ವಿಎಸ್ ಕೋಡ್‌ನಲ್ಲಿ ಕನ್ನಡ ಕನ್ನಡದಂತೆಯೇ ಕಾಣುತ್ತದೆ. ಕನ್ನಡ ಪುಟ ತಿದ್ದುವಾಗ ನಾನು ಅದನ್ನೇ ತೆರೆಯುತ್ತೇನೆ.

ಟೆಕ್ಸ್ಟ್‌ಮೇಟ್‌ನ ಎರಡನೇ ಆವೃತ್ತಿ ಪೂರ್ಣಗೊಂಡು ಹೊರಬಂದದ್ದು 2019ರಲ್ಲಿ. ಅಷ್ಟರಲ್ಲಿ ನೋಡುವವರೇ ಕಡಿಮೆಯಾಗಿದ್ದರು. ಆದರೆ ಆ ಹೊತ್ತಿಗೆ ಓಡ್‌ಗಾರ್ಡ್‌ನ ಸ್ಕೋಪ್‌ಗಳು ಆತನ ಎಡಿಟರನ್ನು ಕಂಡೇ ಇರದ ಕೋಟ್ಯಂತರ ಪರದೆಗಳ ಮೇಲೆ ಓಡುತ್ತಿದ್ದವು. ಗಿಟ್‌ಹಬ್ ತನ್ನ ತಾಣದಲ್ಲಿ ಕೋಡಿಗೆ ಬಣ್ಣ ಹಚ್ಚಲೂ ಅದೇ ಬಗೆಯ ವ್ಯಾಕರಣಗಳನ್ನು ಬಳಸಿಕೊಂಡಿತು. ವಿಎಸ್ ಕೋಡ್ ಜೊತೆ ಬರುವ ಪರವಾನಗಿ ಟಿಪ್ಪಣಿಗಳ ಉದ್ದನೆಯ ಫೈಲಿನಲ್ಲಿ ಟೆಕ್ಸ್ಟ್‌ಮೇಟ್ ಬಂಡಲ್‌ಗಳ ಹೆಸರು ಸಿಗುತ್ತವೆ. ನಕಲಿಸಿ, ಬಳಸಿ, ಬದಲಿಸಿ, ಬೇಕಾದರೆ ಮಾರಿ ಎಂಬ ಧಾರಾಳದ ಅನುಮತಿಯೂ ಅಲ್ಲೇ ಇದೆ. ಆ ಫೈಲನ್ನು ಯಾರೂ ಓದುವುದಿಲ್ಲ. ಬೆಂಗಳೂರಿನ ತರಬೇತಿ ಕೇಂದ್ರಗಳಲ್ಲಿ ವೆಬ್ ಡೆವಲಪ್‌ಮೆಂಟ್ ಕಲಿಸುವವರು ವಿಎಸ್ ಕೋಡ್ ಇನ್‌ಸ್ಟಾಲ್ ಮಾಡಿಸುವ ಮೊದಲ ತರಗತಿಯಲ್ಲೇ ಅದನ್ನೊಮ್ಮೆ ತೆರೆದು, ಅಲನ್ ಓಡ್‌ಗಾರ್ಡ್ ಎಂಬ ಹೆಸರನ್ನು ಬೋರ್ಡಿನ ಮೇಲೆ ಬರೆಯಲಿ.