ತಾತನ ಕೈಗಡಿಯಾರ

(ಬಾನುಲಿ ಭಾಷಣ)

ಕಳೆದ ವರ್ಷ ನಮ್ಮ ಅಜ್ಜಿ ತಮ್ಮ ಟ್ರಂಕಿನ ತಳದಿಂದ ಕರವಸ್ತ್ರದ ಒಂದು ಗಂಟನ್ನು ತೆಗೆದು ನನ್ನ ಕೈಗಿತ್ತರು. "ನಿಮ್ ತಾತಂದು ಕಣಪ್ಪ. ಇನ್ಮೇಲೆ ನೀನೇ ಇಟ್ಕೊ" ಎಂದರು. ಬಿಚ್ಚಿ ನೋಡಿದರೆ ಒಳಗೆ ಎಚ್.ಎಂ.ಟಿ. ಜನತಾ ಕೈಗಡಿಯಾರ. ಅದಕ್ಕೆ ಪಟ್ಟಿ ಇಲ್ಲ. ಗಾಜಿನ ತುಂಬ ಗೀರು. ಡಯಲಿನ ಮೇಲೆ ಮೂರು ಗಂಟೆಯ ಗುರುತಿನಿಂದ ನಾಲ್ಕರವರೆಗೆ ಕಂದುಬಣ್ಣದ ಕಲೆ. ಕೀ ಕೊಡುವ ಗುಂಡಿಯ ಹಲ್ಲುಗಳು ಸವೆದು ನುಣುಪಾಗಿದ್ದವು. ಮುಳ್ಳುಗಳು ಎಂಟು ಗಂಟೆ ಹತ್ತು ನಿಮಿಷಕ್ಕೆ ನಿಂತಿದ್ದವು. ಅದು ಯಾವ ದಿನದ ಎಂಟು ಗಂಟೆಯೋ ಹೇಳಬಲ್ಲವರು ಯಾರೂ ಉಳಿದಿಲ್ಲ.

ತಾತ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಆಸುಪಾಸಿನ ರೈತರು. ಕಾವಲ್ ಎಂದರೆ ದನಕರುಗಳ ಮೇವಿಗೆಂದು ಕಾಯ್ದಿರಿಸಿದ ಹುಲ್ಲುಗಾವಲು. ಅಂಥ ಕಡೆ ಹೊತ್ತು ತಿಳಿಯಲು ಸೂರ್ಯನೇ ಸಾಕಾಗಿದ್ದ. ಆದರೂ ತಾತನಿಗೆ ತುಮಕೂರಿನ ಬಸ್ಸನ್ನು ಹಿಡಿಯಬೇಕಿತ್ತು, ಕೊಬ್ಬರಿ ಮಂಡಿಯ ಹೊತ್ತಿಗೆ ಅಲ್ಲಿರಬೇಕಿತ್ತು. ದಿನವೂ ಬೆಳಿಗ್ಗೆ ರೇಡಿಯೋ ವಾರ್ತೆಯ ಹೊತ್ತಿಗೆ ಜಗಲಿಯಲ್ಲಿ ಕುಳಿತು ಗಡಿಯಾರಕ್ಕೆ ಕೀ ಕೊಡುತ್ತಿದ್ದುದು ನನಗೆ ನೆನಪಿದೆ.

ಗಡಿಯಾರ ಕೈಗೆ ಬಂದ ಕೂಡಲೆ ಮನೆಯಲ್ಲಿ ಎರಡು ಪಕ್ಷಗಳಾದವು. "ಪೂರ್ತಿ ಹೊಸದು ಮಾಡಿಸಿಬಿಡಣ್ಣ, ಪಾಲಿಶ್ ಹಾಕಿಸು, ಡಯಲು ಬದಲಾಯಿಸು" ಎಂದ ತಮ್ಮ. "ಏನೂ ಮಾಡಿಸಬೇಡ, ಹಾಗೇ ದೇವರ ಮನೆಯಲ್ಲಿಡು" ಎಂದರು ಅಮ್ಮ. ಅನೇಕರ ಮನೆಯ ಪೆಟ್ಟಿಗೆಗಳಲ್ಲಿ ಇಂಥದೊಂದು ಗಡಿಯಾರ ಮಲಗಿರುವುದರಿಂದ, ಈ ಪ್ರಶ್ನೆ ನನ್ನೊಬ್ಬನದಲ್ಲವೆಂದು ಭಾವಿಸಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಈ ಗಡಿಯಾರದ ಕುಲವನ್ನು ಕುರಿತು ಎರಡು ಮಾತು. ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆ ಬೆಂಗಳೂರಿನ ಜಾಲಹಳ್ಳಿಯಲ್ಲಿ 1953ರಲ್ಲಿ ಹುಟ್ಟಿತು. ಅದರ ಮೊದಲ ಕಸುಬು ಯಂತ್ರಗಳನ್ನು ಮಾಡುವ ಯಂತ್ರಗಳನ್ನು ತಯಾರಿಸುವುದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಕೈಗಡಿಯಾರದ ಕಾರ್ಖಾನೆ ಸೇರಿಕೊಂಡಿತು. ಅದುವರೆಗೆ ಕೈಗಡಿಯಾರವೆಂದರೆ ವಿದೇಶದ ಮಾಲು, ಉಳ್ಳವರ ಒಡವೆ. ಹೊಸ ಗಡಿಯಾರಕ್ಕೆ 'ಜನತಾ' ಎಂದು ಹೆಸರಿಟ್ಟದ್ದರ ಅರ್ಥ ಅಲ್ಲಿದೆ. 1978ರಲ್ಲಿ ತುಮಕೂರಿನಲ್ಲೇ ಅದೇ ಸಂಸ್ಥೆಯ ಗಡಿಯಾರ ಕಾರ್ಖಾನೆ ತಲೆಯೆತ್ತಿತು. ಕಲ್ಪತರು ನಾಡಿನ ಮಕ್ಕಳು ಕಣ್ಣಿಗೆ ಮಸೂರ ಹಿಡಿದು, ಎಳ್ಳುಕಾಳಿಗಿಂತ ಸಣ್ಣ ತಿರುಪುಗಳನ್ನು ಕೂಡಿಸುವುದನ್ನು ಕಲಿತರು.

ಮುಂದೆ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಸ್ ಗಡಿಯಾರಗಳು ಬಂದವು. ಕೀ ಕೊಡುವ ಗಡಿಯಾರ ಹಿಂದೆ ಬಿತ್ತು. ಇಲ್ಲಿ ಒಂದು ವಾರದ ಕಥೆಯನ್ನು ಹೇಳಲೇಬೇಕು. 2016ರ ಜನವರಿ 3ರಂದು ನಮ್ಮ ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್. ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಗೆ ಪ್ರಧಾನಮಂತ್ರಿಗಳು ಶಂಕುಸ್ಥಾಪನೆ ಮಾಡಿದರು. ಮೂರೇ ದಿನಗಳ ಮೇಲೆ, ಜನವರಿ 6ರಂದು, ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತು. ತುಮಕೂರಿನ ಗಡಿಯಾರ ಕಾರ್ಖಾನೆಯ ನೆಲ ಆಮೇಲೆ ಇಸ್ರೋ ಸಂಸ್ಥೆಗೆ ಸೇರಿತು. 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ತಾತ ದನ ಮೇಯಿಸಿದ ಕಡೆ ಈಗ ಹಾರುವ ಯಂತ್ರ. ತಾತನ ಗಡಿಯಾರದ ಬಂಧುಗಳು ಹುಟ್ಟಿದ ಕಡೆ ಈಗ ರಾಕೆಟ್ಟಿನ ಕೆಲಸ. ಇದರಲ್ಲಿ ಗೋಳಾಡುವಂಥದೇನೂ ಇಲ್ಲ. ಆದರೆ ಒಂದು ಪರಿಣಾಮವನ್ನು ಮರೆಯಬಾರದು. ಈ ಗಡಿಯಾರಗಳಿಗೆ ಹೊಸ ಬಿಡಿಭಾಗ ಬರುವ ದಾರಿ ಬಹುಮಟ್ಟಿಗೆ ಮುಚ್ಚಿಹೋಯಿತು. ಒಂದು ಕೆಟ್ಟರೆ ಇನ್ನೊಂದು ಹಳೆಯದನ್ನು ಬಿಚ್ಚಿ ಅದರ ಅಂಗವನ್ನು ಇದಕ್ಕೆ ಜೋಡಿಸಬೇಕು.

ಇನ್ನು ಒಳಗಿನ ವ್ಯವಹಾರ. ನಾವು ಕೀ ಕೊಟ್ಟಾಗ ಡಬ್ಬಿಯೊಳಗಿನ ಉಕ್ಕಿನ ಪಟ್ಟಿಯೊಂದು ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳುವ ಬಲವೇ ಗಡಿಯಾರದ ಅನ್ನ. ಆ ಬಲ ಒಮ್ಮೆಗೇ ಹರಿದುಹೋಗದಂತೆ ಬ್ಯಾಲೆನ್ಸ್ ಚಕ್ರವೊಂದು ಅತ್ತಿತ್ತ ತೂಗುತ್ತ, ಪ್ರತಿ ತೂಗಿಗೂ ಒಂದೊಂದು ಹಲ್ಲನ್ನು ತಡೆದು ಬಿಡುತ್ತದೆ. ನಾವು ಕೇಳುವ ಟಿಕ್ ಟಿಕ್ ಆ ತಡೆಯ ಸದ್ದು. ಜನತಾ ಗಡಿಯಾರದಲ್ಲಿ ಇದು ಸೆಕೆಂಡಿಗೆ 5 ಬಾರಿ, ಗಂಟೆಗೆ 18,000 ಬಾರಿ, ದಿನಕ್ಕೆ 4,32,000 ಬಾರಿ ನಡೆಯುತ್ತದೆ. ದಿನಕ್ಕೆ ಒಂದು ನಿಮಿಷ ತಪ್ಪಿತೆಂದು ನಾವು ಬೈಯುತ್ತೇವಲ್ಲ, ಆ ತಪ್ಪು 1,440ರಲ್ಲಿ ಒಂದು ಪಾಲು. ಮನುಷ್ಯರಲ್ಲಿ ಅಷ್ಟು ನಿಯತ್ತು ಅಪರೂಪ.

ಇಷ್ಟು ಓಡಾಟದಲ್ಲಿ ಅಚ್ಚುಗಳು ಸವೆಯಬಾರದೆಂದು ಕೃತಕ ಮಾಣಿಕ್ಯದ ಬಿಲ್ಲೆಗಳ ಮೇಲೆ ಅವುಗಳನ್ನು ಕೂರಿಸಿ, ತೊಟ್ಟಿಗಿಂತ ಎಷ್ಟೋ ಕಡಿಮೆ ಎಣ್ಣೆ ಮುಟ್ಟಿಸಿರುತ್ತಾರೆ. '17 ಜ್ಯುವೆಲ್ಸ್' ಎಂಬ ಬರಹದ ಅರ್ಥ ಇದೇ. ಆ ಎಣ್ಣೆ ಕೆಲವು ವರ್ಷಗಳಲ್ಲಿ ಒಣಗಿ ಅಂಟಾಗುತ್ತದೆ. ಧೂಳು ಸೇರಿದರೆ ಸಾಣೆಯ ಹುಡಿಯಂತೆ ಉಕ್ಕನ್ನೇ ತಿನ್ನುತ್ತದೆ. ಆದ್ದರಿಂದ ಪೆಟ್ಟಿಗೆಯಿಂದ ತೆಗೆದ ಗಡಿಯಾರವನ್ನು ಕುಲುಕಿ, ಕೀ ಕೊಟ್ಟು, "ಓಹೋ, ಇನ್ನೂ ನಡೆಯುತ್ತದೆ" ಎಂದು ಕೈಗೆ ಕಟ್ಟಿಕೊಂಡು ಹೊರಡುವುದು ಪ್ರೀತಿಯಲ್ಲ, ಹಿಂಸೆ. ಮೊದಲು ಬಿಚ್ಚಿ ತೊಳೆಸಿ ಎಣ್ಣೆ ಹಾಕಿಸಬೇಕು.

ಹಾಗಾದರೆ ತಮ್ಮನ ಮಾತೇ ಸರಿಯೇ? ಅರ್ಧ ಸರಿ. ದುರಸ್ತಿಯಲ್ಲಿ ಎರಡು ಬಗೆ ಇವೆ. ಒಂದು ಓಟದ ದುರಸ್ತಿ, ಇನ್ನೊಂದು ಮುಖದ ದುರಸ್ತಿ. ಓಟವನ್ನು ತೊಳೆದು ಎಣ್ಣೆ ಹಾಕಿದರೆ ಏನೂ ಕಳೆದುಹೋಗುವುದಿಲ್ಲ. ಮುಂದಿನವರು ಮತ್ತೆ ಅದನ್ನೇ ಮಾಡಬಹುದು. ಆದರೆ ಡಯಲಿನ ಹಳೆಯ ಬಣ್ಣವನ್ನು ಕೆರೆದು ಹೊಸದಾಗಿ ಅಚ್ಚು ಹಾಕಿದರೆ, ಪಾಲಿಶ್ ಚಕ್ರಕ್ಕೆ ಹಿಡಿದು ಹೊರಕವಚದ ಅಂಚನ್ನು ಉಜ್ಜಿದರೆ, ಹೋದದ್ದು ಹೋಯಿತು. ಹಳೆಯ ದೇವಾಲಯದ ಸುಣ್ಣ ತೆಗೆಯಲು ಮರಳನ್ನು ರಭಸದಿಂದ ಸಿಡಿಸಿದರೆ ಸುಣ್ಣದ ಜೊತೆಗೆ ಶಾಸನದ ಅಕ್ಷರವೂ ಸವೆಯುತ್ತದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಎಷ್ಟೋ ಕಡೆ ಉದ್ಧಾರವಾದದ್ದು ಹೊಸತನವೊಂದೇ.

ಇಲ್ಲೊಂದು ಎಚ್ಚರಿಕೆಯ ಮಾತು. ನಿಮಗೆ ಬಂದಿರುವುದು ಇನ್ನೂ ಹಳೆಯ ಸ್ವಿಸ್ ಗಡಿಯಾರವಾಗಿದ್ದು, ಅದರ ಮುಳ್ಳು ಅಂಕಿಗಳಿಗೆ ಕತ್ತಲಲ್ಲಿ ಹೊಳೆಯುವ ಲೇಪವಿದ್ದರೆ, ಅದು ನಿಜವಾದ ರೇಡಿಯಂ ಇರಬಹುದು. ಹೊಳಪು ಮಾಯವಾದರೂ ರೇಡಿಯಂ ಮಾಯವಾಗದು. ಅದರ ಅರ್ಧಾಯುಷ್ಯ ಸುಮಾರು 1,600 ವರ್ಷ. ಅಂಥದನ್ನು ಮನೆಯಲ್ಲಿ ಬಿಚ್ಚಬಾರದು, ಲೇಪವನ್ನು ಕೆರೆಯಬಾರದು.

ನಾನು ಗಡಿಯಾರವನ್ನು ತುಮಕೂರಿನ ಪೇಟೆಯಲ್ಲಿ ಮಹಡಿ ಮೆಟ್ಟಿಲ ಕೆಳಗಿರುವ ಒಂದು ಪುಟ್ಟ ಅಂಗಡಿಗೆ ಒಯ್ದೆ. ರಿಪೇರಿಯವರು ವೃದ್ಧರು. ಹಿಂಬದಿಯ ಮುಚ್ಚಳವನ್ನು ತೆಗೆದು ಬಹಳ ಹೊತ್ತು ನೋಡಿದರು. "ಓಟ ಚೆನ್ನಾಗಿದೆ ಸ್ವಾಮಿ, ಎಣ್ಣೆ ಒಣಗಿದೆ ಅಷ್ಟೆ. ಡಯಲು ಏನು ಮಾಡೋದು ಅಂತ ಮಾತ್ರ ನೀವೇ ಹೇಳ್ಬೇಕು" ಎಂದರು. ಕಲೆ ಮಳೆನೀರಿನದೇ ಎಂದು ಕೇಳಿದೆ. ಅವರು ತಲೆಯಾಡಿಸಿದರು. "ನೀರಾದ್ರೆ ಸುತ್ತ ಹರಡ್ತಿತ್ತು. ಇದು ಗುಂಡಿ ಪಕ್ಕದಲ್ಲೇ ಇದೆ ನೋಡಿ. ಬೆವರು. ದಿನಾ ಸ್ವಲ್ಪ ಸ್ವಲ್ಪ ಇಳಿದಿದೆ. ಕಟ್ಕೊಂಡೇ ಗೆಯ್ದವರ ಗಡಿಯಾರ ಇದು."

ಆ ಮಾತಿನಿಂದ ಪ್ರಶ್ನೆ ಇತ್ಯರ್ಥವಾಯಿತು. ತಮ್ಮ ಕೊಳೆ ಎಂದುಕೊಂಡದ್ದು ತಾತನ ದುಡಿಮೆ. ಅದನ್ನು ಒರೆಸುವ ಹಕ್ಕು ನನಗಿಲ್ಲ. ಹಾಗೆಂದು ಅಮ್ಮನ ಮಾತನ್ನು ಪಾಲಿಸಿ ದೇವರ ಮನೆಯಲ್ಲಿ ಇಡುವಂತೆಯೂ ಇರಲಿಲ್ಲ. ಏಕೆಂದರೆ ಕೆಲಸ ಒಪ್ಪಿಸುವಾಗ, ಈ ವಿದ್ಯೆಯನ್ನು ಯಾರಿಗಾದರೂ ಕಲಿಸಿದ್ದೀರಾ ಎಂದು ಕೇಳಿದ್ದೆ. "ಮಕ್ಕಳು ಬೇರೆ ಬೇರೆ ಕೆಲ್ಸ ಹಿಡಿದ್ರು. ಕಣ್ಣು ಇರೋವರೆಗೂ ಮಾಡ್ತೀನಿ" ಎಂದಿದ್ದರು. ಗಡಿಯಾರ ಇನ್ನೂ ಐವತ್ತು ವರ್ಷ ಕಾಯಬಲ್ಲದು. ಅದನ್ನು ಬಲ್ಲ ಕೈಗಳು ಕಾಯಲಾರವು. ಆಮೇಲೆ ನೋಡೋಣ ಎನ್ನುವುದೂ ಒಂದು ತೀರ್ಮಾನವೇ, ಅದು ಬೇಡ ಎಂಬ ತೀರ್ಮಾನ.

ಓಟವನ್ನು ತೊಳೆಸಿದೆ. ಗೀರು ಬಿದ್ದ ಗಾಜನ್ನು ಬದಲಾಯಿಸಿ ಹಳೆಯ ಗಾಜನ್ನು ಕೇಳಿ ಪಡೆದು ಲಕೋಟೆಯಲ್ಲಿ ಇಟ್ಟೆ. ಡಯಲು, ಮುಳ್ಳು, ಸವೆದ ಗುಂಡಿ ಯಾವುದನ್ನೂ ಮುಟ್ಟಗೊಡಲಿಲ್ಲ. ಏನು ಮಾಡಿಸಿದೆ, ಎಂದು ಮಾಡಿಸಿದೆ ಎಂಬುದನ್ನು ಚೀಟಿಯಲ್ಲಿ ಬರೆದು ಅದೇ ಲಕೋಟೆಗೆ ಹಾಕಿದೆ. ನಿಮ್ಮಲ್ಲಿ ಯಾರಾದರೂ ಇಂಥ ಕೆಲಸಕ್ಕೆ ಹೊರಟರೆ ಇಷ್ಟನ್ನು ಮಾಡಿ. ತೆಗೆದ ಚೂರನ್ನು ಎಸೆಯಲು ಬಿಡಬೇಡಿ.

ಗಡಿಯಾರವನ್ನು ಊರಿಗೆ ಒಯ್ದು ಅಜ್ಜಿಯ ಕೈಗೆ ಕೊಟ್ಟೆ. ಅವರು ಮೊದಲು ಕಿವಿಗೆ ಹಿಡಿದರು. ಆಮೇಲೆ ಬೆಳಕಿಗೆ ಹಿಡಿದು ನೋಡಿ, "ಕಲೆ ಹಂಗೇ ಬಿಟ್ಟವ್ರಲ್ಲ, ಒಳ್ಳೇದಾಯ್ತು" ಎಂದು ಹಿಂದಕ್ಕೆ ಕೊಟ್ಟರು.

ಈಗ ಅದು ದಿನಕ್ಕೆ ಒಂದು ನಿಮಿಷ ಹಿಂದೆ ಬೀಳುತ್ತದೆ. ಬೆಳಗಿನ ವಾರ್ತೆಯ ಹೊತ್ತಿಗೆ ಕೀ ಕೊಟ್ಟು ಆ ನಿಮಿಷವನ್ನು ಕೂಡಿಸುತ್ತೇನೆ. ಗುಂಡಿಯಲ್ಲಿ ಹಲ್ಲು ಉಳಿದಿಲ್ಲವಾದ್ದರಿಂದ ಬೆರಳು ಜಾರುತ್ತದೆ. ತುಸು ಒತ್ತಿ ತಿರುಗಿಸಬೇಕು. ಅದೂ ಈಗ ಅಭ್ಯಾಸವಾಗಿದೆ.