ಏರುವ ಓಟದ ನಿಲುಗಡೆ ಮತ್ತು ವೇಗಸೂಚಕದ ದೋಷ

ಪ್ರಯಾಣಿಕ ವಿಮಾನವು ನೆಲವನ್ನು ಬಿಡುವ ಮುನ್ನ ರನ್‌ವೇಯ ಮೇಲೆ ಓಡುವ ಕಾಲ ಸುಮಾರು ಅರ್ಧ ನಿಮಿಷ. ಓಟವನ್ನು ಮುಂದುವರಿಸಬೇಕೊ ನಿಲ್ಲಿಸಬೇಕೊ ಎಂಬುದನ್ನು ಚಾಲಕನು ಈ ಅಲ್ಪಾವಧಿಯಲ್ಲಿಯೇ ನಿರ್ಣಯಿಸಬೇಕು. ನಿರ್ಣಯಕ್ಕೆ ಮುಖ್ಯ ಆಧಾರ ವೇಗಸೂಚಕ. ಆ ಉಪಕರಣವೇ ಕೆಟ್ಟಲ್ಲಿ ಆಗತಕ್ಕದ್ದೇನು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಹೆಸರು ವೇಗಸೂಚಕವಾದರೂ ಅದು ವಾಸ್ತವವಾಗಿ ಅಳೆಯುವುದು ವಾಯುವಿನ ಒತ್ತಡವನ್ನು. ಮುಂದಕ್ಕೆ ಬಾಯ್ದೆರೆದ ಕಿರುನಳಿಕೆಯೊಳಕ್ಕೆ ನುಗ್ಗಿದ ವಾಯು ಅಲ್ಲಿ ತಡೆದು ನಿಂತು ಒತ್ತಡವನ್ನು ಹೆಚ್ಚಿಸುತ್ತದೆ. ಈ ಒತ್ತಡಕ್ಕೂ ಸುತ್ತಣ ನಿಶ್ಚಲ ವಾಯುವಿನ ಒತ್ತಡಕ್ಕೂ ಇರುವ ಅಂತರವೇ ಫಲಕದ ಮೇಲೆ ವೇಗವಾಗಿ ಕಾಣುತ್ತದೆ. 1732ರಲ್ಲಿ ಆನ್ರಿ ಪೀಟೊ ಎಂಬ ಫ್ರೆಂಚ್ ಇಂಜಿನಿಯರನು ಸೇನ್ ನದಿಯ ಪ್ರವಾಹವನ್ನಳೆಯಲು ಕಲ್ಪಿಸಿದ ಸಾಧನ ಇದು. ಇಂದಿಗೂ ಪೀಟೊ ನಳಿಕೆಯೆಂದೇ ಪ್ರಸಿದ್ಧ. ಅಳೆಯಬೇಕಾದ ಅಂತರವಾದರೂ ಅತ್ಯಲ್ಪ. 100 ನಾಟ್ ವೇಗದಲ್ಲಿ ಅದು ಸುಮಾರು 1,620 ಪಾಸ್ಕಲ್. ಎಂದರೆ ಹದಿನಾರೂವರೆ ಸೆಂಟಿಮೀಟರ್ ಎತ್ತರದ, ಒಂದು ಗೇಣಿಗೂ ಕಡಮೆಯಾದ, ನೀರಿನ ಕಂಬದ ಒತ್ತಡ. ಇಷ್ಟು ಸೂಕ್ಷ್ಮವಾದ ಸಂಗತಿಯನ್ನು ಹಾಳುಗೆಡಹಲು ಚಿಟಿಕೆ ಮಣ್ಣು ಸಾಕು.

ನಿಲ್ಲಿಸುವ ಪ್ರಶ್ನೆಯನ್ನು ಬೆಂಗಳೂರಿನ ಉದಾಹರಣೆಯಿಂದ ವಿಚಾರಿಸೋಣ. ದೇವನಹಳ್ಳಿಯ ಕೆಂಪೇಗೌಡ ವಿಮಾನನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ. ಪ್ರಮಾಣಕ ವಾಯುಮಂಡಲದಲ್ಲಿ ಅಷ್ಟೆತ್ತರದ ವಾಯುಸಾಂದ್ರತೆ ಸಮುದ್ರತೀರದ್ದಕ್ಕಿಂತ ಶೇಕಡ ಎಂಟೂವರೆಯಷ್ಟು ಕಡಮೆ. ಆದಕಾರಣ ಸೂಚಕವು 140 ನಾಟ್ ತೋರಿದಾಗ ವಿಮಾನದ ನಿಜವೇಗ 146 ನಾಟ್‌ಗಳನ್ನು ಮೀರಿರುತ್ತದೆ. ಬ್ರೇಕುಗಳು ಹೀರಬೇಕಾದ ಚಲನಶಕ್ತಿ ಶೇಕಡ 9ರಷ್ಟು ಅಧಿಕ. ಬೇಸಗೆಯ ಮಧ್ಯಾಹ್ನ ಇದು ಇನ್ನೂ ಹೆಚ್ಚುತ್ತದೆ. 70 ಟನ್ ತೂಕದ ವಿಮಾನವೊಂದನ್ನು ಇಲ್ಲಿ 80 ನಾಟ್ ಸೂಚಿತ ವೇಗದಲ್ಲಿ ತಡೆದರೆ ಆರೂವರೆ ಕೋಟಿ ಜೂಲ್ ಶಕ್ತಿಯನ್ನು ಕಳೆಯಬೇಕು; 140ರಲ್ಲಿಯಾದರೆ ಸುಮಾರು ಇಪ್ಪತ್ತು ಕೋಟಿ. ರನ್‌ವೇ 4,000 ಮೀಟರ್ ಉದ್ದವಿದ್ದರೂ ಚಕ್ರಗಳ ಕಾವು ಕಡಮೆಯಾಗದು.

ಆದುದರಿಂದಲೇ ಬೋಯಿಂಗ್ ವಿಮಾನಗಳಲ್ಲಿ ಸಾಮಾನ್ಯವಾಗಿ 80, ಏರ್‌ಬಸ್‌ಗಳಲ್ಲಿ 100 ನಾಟ್ ಮುಟ್ಟಿದೊಡನೆ ಒಬ್ಬ ಚಾಲಕನು ವೇಗವನ್ನು ಗಟ್ಟಿಯಾಗಿ ಹೇಳಬೇಕು, ಮತ್ತೊಬ್ಬನು ತನ್ನ ಫಲಕದೊಡನೆ ತಾಳೆನೋಡಬೇಕು. ಇಬ್ಬರ ಸೂಚಕಗಳಿಗೂ ಬೇರೆ ಬೇರೆ ನಳಿಕೆಗಳುಂಟು, ಮೂರನೆಯದೊಂದು ಮೀಸಲು. ಇಲ್ಲಿ ಹೊಂದದಿದ್ದರೆ ನಿಲ್ಲಿಸುವುದು ಸುಲಭ. ನಿರ್ಣಯವೇಗವನ್ನು ದಾಟಿದ ಮೇಲೆ ಏರಲೇಬೇಕು.

ಸಂಪೂರ್ಣ ಮುಚ್ಚಿದ ನಳಿಕೆಯೊಡನೆ ಏರಿದರೆ ಒದಗುವ ಅಪಾಯ ವಿಚಿತ್ರವಾದುದು. ನೆಲದ ಮಟ್ಟದ ಒತ್ತಡ ನಳಿಕೆಯಲ್ಲಿ ಸೆರೆಯಾಗಿರುತ್ತದೆ. ಎತ್ತರಕ್ಕೇರಿದಂತೆ ಹೊರಗಿನ ಒತ್ತಡ ಮಾತ್ರ ಇಳಿಯುತ್ತದೆ. ಅಂತರ ಬೆಳೆಯುತ್ತದೆ. ಬೆಂಗಳೂರಿನಿಂದ ಹೊರಟ ಅಂಥ ವಿಮಾನದ ಸೂಚಕ, ನಿಜವೇಗ ಎಷ್ಟೇ ಇರಲಿ, 150 ಮೀಟರ್ ಏರಿದಾಗ ಸುಮಾರು 100 ನಾಟ್, 600 ಮೀಟರ್ ಏರಿದಾಗ ಸುಮಾರು 200 ನಾಟ್ ತೋರಿಸೀತು. ವೇಗಸೂಚಕವು ಎತ್ತರಮಾಪಕವಾಗಿ ಪರಿಣಮಿಸಿತೆಂದರೂ ಸಲ್ಲುತ್ತದೆ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದ ಪೋರ್ತೊ ಪ್ಲಾಟದಿಂದ ಹೊರಟ ಬಿರ್ಗೆನೇರ್ ಸಂಸ್ಥೆಯ ಬೋಯಿಂಗ್ 757ರಲ್ಲಿ ಆದದ್ದು ಇದೇ. ಮುಖ್ಯ ಚಾಲಕನ ಸೂಚಕ ಕೆಲಸ ಮಾಡುತ್ತಿಲ್ಲವೆಂಬುದು ರನ್‌ವೇಯಲ್ಲಿಯೇ ತಿಳಿದಿತ್ತು; ಓಟವನ್ನು ನಿಲ್ಲಿಸಲಿಲ್ಲ. ಏರಿದ ಬಳಿಕ ಸುಳ್ಳುವೇಗ ಹೆಚ್ಚಿತು, ಸ್ವಯಂಚಾಲಕ ಯಂತ್ರ ಅದನ್ನು ನಂಬಿ ಮೂತಿಯನ್ನೆತ್ತಿತು, ನಿಜವೇಗ ಕುಸಿದು ವಿಮಾನ ಸಮುದ್ರಕ್ಕೆ ಬಿತ್ತು. ಸತ್ತವರು 189 ಮಂದಿ.

ನಿಲ್ಲಿಸಿದರೂ ಸಾಲದೆಂಬುದಕ್ಕೆ ಆಸ್ಟ್ರೇಲಿಯದ ಬ್ರಿಸ್ಬೇನ್ ಸಾಕ್ಷಿ. 2013ರ ನವೆಂಬರ್ 21ರಂದು ಎತಿಹಾದ್ ಸಂಸ್ಥೆಯ ಏರ್‌ಬಸ್ ಎ330 ಅಲ್ಲಿ ಇಳಿದು, ಸುಮಾರು ಎರಡು ಗಂಟೆ ನಿಂತು, ಸಿಂಗಪುರಕ್ಕೆ ಹೊರಟಿತು. ವೇಗಸೂಚನೆ ಕೆಟ್ಟುದನ್ನು ಕಂಡ ಚಾಲಕನು ಓಟವನ್ನು ಸರಿಯಾಗಿಯೇ ನಿಲ್ಲಿಸಿದನು. ದೋಷಶೋಧನೆ ನಡೆದು ವಿಮಾನವನ್ನು ಮತ್ತೆ ಬಿಟ್ಟುಕೊಟ್ಟರು. ಎರಡನೆಯ ಓಟದಲ್ಲಿ ವ್ಯತ್ಯಾಸ ಅರಿವಿಗೆ ಬಂದದ್ದು ನಿರ್ಣಯವೇಗ ದಾಟಿದ ಮೇಲೆ. ಅವರು ಏರಿ, ಅಪಾಯಸಂದೇಶ ಕಳುಹಿಸಿ, ಮಿತಿಮೀರಿದ ಭಾರದೊಡನೆ ಹಿಂದಿರುಗಿ ಇಳಿದರು. ಮುಖ್ಯ ಚಾಲಕನ ನಳಿಕೆಯಲ್ಲಿ ಸಿಕ್ಕಿದ್ದು ಕಣಜದ ಮಣ್ಣು! ಶೋಧನೆಯ ಕೈಪಿಡಿಯಲ್ಲಿ ನಳಿಕೆಯನ್ನು ದೋಷಮೂಲವೆಂದು ನಿರ್ದಿಷ್ಟವಾಗಿ ಹೇಳಿರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಈ ಪ್ರಸಂಗದ ಮುಖ್ಯಾಂಶ ಇದೇ. ಯಂತ್ರಗಳನ್ನು ಶೋಧಿಸಿದವರಿಗೆ ರಂಧ್ರದೊಳಕ್ಕೆ ಇಣುಕಲು ಯಾರೂ ಹೇಳಿರಲಿಲ್ಲ.

ರಾಜಾಜಿನಗರ, ವಿಜಯನಗರಗಳ ಹಳೆಯ ಮನೆಗಳಲ್ಲಿ ಕಿಟಕಿಯ ಚೌಕಟ್ಟಿನಲ್ಲಿಯೊ ಬೀಗದ ಕಂಡಿಯಲ್ಲಿಯೊ ಮಣ್ಣು ಮೆತ್ತುವ ಕುಂಬಾರಹುಳುವನ್ನು ಕಾಣದವರು ವಿರಳ. ಹುಳುವನ್ನು ಗೂಡಿನಲ್ಲಿಟ್ಟು ತನ್ನಂತೆಯೇ ಮಾಡಿಕೊಳ್ಳುತ್ತದೆಂಬ ಭ್ರಮರಕೀಟ ನ್ಯಾಯ ಹುಟ್ಟಿದ್ದು ಇಂಥ ಕಣಜಗಳಿಂದ. ವಾಸ್ತವದಲ್ಲಿ ಆ ಹುಳು ಮರಿಯ ಆಹಾರ. ಬ್ರಿಸ್ಬೇನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ನಳಿಕೆಗಳ ಪ್ರತಿಕೃತಿಗಳನ್ನು ವಿಮಾನನಿಲ್ದಾಣದಲ್ಲಿರಿಸಿದರು. 39 ತಿಂಗಳಲ್ಲಿ 93 ಬಾರಿ ಅವು ಪೂರ್ತಿ ಮುಚ್ಚಿಹೋದವು. ಮುಚ್ಚಿದ್ದು ಅಮೆರಿಕದ ಉಷ್ಣವಲಯದಿಂದ ಬಂದ ಒಂದೇ ಜಾತಿಯ ಕಣಜ.

ನಿಂತ ವಿಮಾನದ ನಳಿಕೆಗಳಿಗೆ ಮುಸುಕು ಹಾಕುವುದು ಇದಕ್ಕೆ ಸಹಜವಾದ ಪರಿಹಾರ. 2018ರ ಜುಲೈ 18ರ ರಾತ್ರಿ ಅದೇ ಬ್ರಿಸ್ಬೇನಿನಿಂದ ಮಲೇಷಿಯ ಏರ್‌ಲೈನ್ಸ್‌ನ ಎ330 ವಿಮಾನವೊಂದು ಮೂರು ನಳಿಕೆಗಳ ಮುಸುಕನ್ನೂ ತೆಗೆಯದೆಯೇ ಹೊರಟಿತು. ಫಲಕಗಳಲ್ಲಿ ವೇಗವಿಲ್ಲವೆಂಬ ಕೆಂಪು ಗುರುತುಗಳು ಮೂಡಿದರೂ, ನಿಲ್ಲಿಸಬಹುದಾದ ವೇಗ ಮೀರುವವರೆಗೆ ಚಾಲಕರು ಅದಕ್ಕೆ ಪ್ರತಿಕ್ರಿಯಿಸಲಿಲ್ಲ. ವೇಗಸೂಚನೆಯಿಲ್ಲದೆ ಹಾರಿ, ಮರಳಿ ಬಂದು, ಅವರು ಸುರಕ್ಷಿತವಾಗಿ ಇಳಿದರು.